ಹೆಣ್ಣುಮಕ್ಕಳ ಆರೋಗ್ಯ: ಮುಚ್ಚಿಡುವ ವಿಷಯವಲ್ಲ

ಮಗಳ ಗಲ್ಲದ ಮೇಲೆ ದಪ್ಪ ರೋಮ ಕಂಡರೆ ನಮ್ಮ ಮನೆಗಳಲ್ಲಿ ಮೊದಲು ಬರುವ ಚಿಂತೆ ಮದುವೆಯದು. ಮುಟ್ಟು ಎರಡು ಮೂರು ತಿಂಗಳು ತಪ್ಪಿದರೆ, "ಮದುವೆಯಾದ ಮೇಲೆ ಸರಿಹೋಗುತ್ತದೆ" ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಮಂಜೇಶ್ವರ, ಕುಂಬಳೆ, ಕಾಸರಗೋಡು ಕಡೆಯ ವ್ಯಾಪಾರಸ್ಥರಾದ ನಾವು ಗಂಡಸರು ಇಂಥ ಮಾತಿಗೆ ಕಿವಿಗೊಡುವುದೇ ಇಲ್ಲ. ಆದರೆ ಇದು ಬರೇ ಅಂದಚಂದದ ಪ್ರಶ್ನೆಯಲ್ಲ. ಮುಂದೆ ಬರಬಹುದಾದ ಸಕ್ಕರೆ ಕಾಯಿಲೆಗೂ ಹೃದ್ರೋಗಕ್ಕೂ ಇದು ಮುನ್ಸೂಚನೆ.

ಆಂಡ್ರೋಜನ್‌ಗಳನ್ನು ಪುರುಷ ಹಾರ್ಮೋನು ಎನ್ನುವುದು ರೂಢಿ. ಆದರೆ ಹೆಂಗಸರ ಅಂಡಾಶಯ ಮತ್ತು ಅಡ್ರಿನಲ್ ಗ್ರಂಥಿಗಳಲ್ಲೂ ಅವು ತಯಾರಾಗುತ್ತವೆ. ಸ್ತ್ರೀ ಹಾರ್ಮೋನಾದ ಈಸ್ಟ್ರೋಜನ್ ಹುಟ್ಟುವುದೂ ಅವುಗಳಿಂದಲೇ. ಅಳತೆಯಲ್ಲಿದ್ದರೆ ಅವು ಬೇಕಾದದ್ದೇ, ಮೀರಿದರೆ ತೊಂದರೆ. 1935ರಲ್ಲಿ ಅಮೆರಿಕದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ವಿವರಿಸಿದ ಈ ತೊಂದರೆಗೆ ಈಗ ಪಿ.ಸಿ.ಓ.ಎಸ್. ಎಂಬ ಹೆಸರು ಬಳಕೆಯಲ್ಲಿದೆ.

ರಕ್ತದ ಸಕ್ಕರೆಯನ್ನು ಜೀವಕೋಶಗಳು ಹೀರಿಕೊಳ್ಳಲು ಇನ್ಸುಲಿನ್ ಬೇಕು. ಇನ್ಸುಲಿನ್ನಿಗೆ ದೇಹ ಸರಿಯಾಗಿ ಸ್ಪಂದಿಸದಿದ್ದಾಗ ಅದು ಇನ್ನೂ ಹೆಚ್ಚಾಗಿ ಸ್ರವಿಸುತ್ತದೆ. ಹೆಚ್ಚಾದ ಇನ್ಸುಲಿನ್ ಅಂಡಾಶಯದಲ್ಲಿ ಆಂಡ್ರೋಜನ್ ಏರಿಸುತ್ತದೆ. ಆಂಡ್ರೋಜನ್ ಏರಿದರೆ ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ. ಆ ಕೊಬ್ಬಿನಿಂದ ಇನ್ಸುಲಿನ್ನಿನ ಕೆಲಸ ಇನ್ನಷ್ಟು ಕೆಡುತ್ತದೆ. ಚಕ್ರಬಡ್ಡಿಯ ಸಾಲದಂತೆ ಇದು ಬೆಳೆಯುತ್ತ ಹೋಗುತ್ತದೆ. ತೆಳ್ಳಗಿನ ಹುಡುಗಿಯರಿಗೂ ಬರುವುದುಂಟು.

ಪಿ.ಸಿ.ಓ.ಎಸ್. ಇರುವವರಲ್ಲಿ ಹೃದ್ರೋಗದ ಅಪಾಯ ಹೆಚ್ಚೆಂದು 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಸ್ಪಷ್ಟಪಡಿಸಿದೆ. ಅದರಂತೆ, ರೋಗ ಪತ್ತೆಯಾದಾಗ ಕೊಲೆಸ್ಟರಾಲ್ ನೋಡಬೇಕು. ವರ್ಷಕ್ಕೊಮ್ಮೆ ರಕ್ತದೊತ್ತಡ ಅಳೆಯಬೇಕು. 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಸಕ್ಕರೆ ಪರೀಕ್ಷೆಯನ್ನು ಒಂದರಿಂದ ಮೂರು ವರ್ಷಕ್ಕೊಮ್ಮೆ ಮಾಡಿಸಬೇಕು. ನಮ್ಮ ದೇಶದ ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂ.ಮೀ. ಮುಟ್ಟಿದರೆ ಎಚ್ಚರಿಕೆ ಬೇಕು. ಮೊದಲ ತಪಾಸಣೆಗೆ ಮಂಗಳೂರಿಗೇ ಓಡಬೇಕೆಂದಿಲ್ಲ, ಕಾಸರಗೋಡಿನ ಜನರಲ್ ಆಸ್ಪತ್ರೆಯಿಂದಲೇ ಆರಂಭಿಸಬಹುದು.

ಔಷಧಿ ವೈದ್ಯರಿಗೆ ಬಿಟ್ಟದ್ದು. ದಿನವೂ ನಡಿಗೆ, ತಟ್ಟೆಯಲ್ಲಿ ಅನ್ನಕ್ಕಿಂತ ಹೆಚ್ಚು ಬೇಳೆಕಾಳು, ತರಕಾರಿ, ಹಬ್ಬದ ಸಿಹಿಗೆ ಮಿತಿ ಇವು ಮನೆಯವರ ಕೈಯಲ್ಲಿವೆ. ತೂಕ ಹೆಚ್ಚಿರುವವರು ನೂರಕ್ಕೆ ಐದು ಪಾಲು ಇಳಿಸಿದರೂ ಪ್ರಯೋಜನವುಂಟು. ಸೂರ್ಯಾಸ್ತಕ್ಕೆ ಮುಂಚಿನ ಊಟ ನಮ್ಮಲ್ಲಿ ಇದ್ದೇ ಇದೆ. ಆದರೆ ಆ ಹೊತ್ತಿಗೆ ಕರಿದ ತಿಂಡಿ ತುಂಬಿಕೊಂಡರೆ ಏನು ಫಲ? ಸಕ್ಕರೆ ಮಾತ್ರೆ ನುಂಗುವವರು ದಶಲಕ್ಷಣ ಪರ್ವದ ಉಪವಾಸಕ್ಕೆ ಮೊದಲು ವೈದ್ಯರನ್ನು ಕೇಳಲೇಬೇಕು.

ಅಂಗಡಿಯ ಲೆಕ್ಕವನ್ನು ದಿನವೂ ನೋಡುವ ನಾವು ಮಗಳ, ಸೊಸೆಯ ಆರೋಗ್ಯವನ್ನು ವರ್ಷಕ್ಕೊಮ್ಮೆಯಾದರೂ ವಿಚಾರಿಸೋಣ. ಸಂಬಂಧ ತಪ್ಪೀತೆಂದು ಮುಚ್ಚಿಟ್ಟ ರೋಗ ಗಂಡನ ಮನೆಗೆ ಹೋದರೂ ಬಿಡುವುದಿಲ್ಲ.