ಮಳೆ, ಕಿಡಿ ಮತ್ತು ಮೈಮೇಲಿನ ಬಟ್ಟೆ

ಬೆಳಗಾವಿಯಿಂದ ಖಾನಾಪುರಕ್ಕೆ ಇರುವ ದೂರ ಹದಿನಾರು ಹದಿನೇಳು ಮೈಲಿಗಿಂತ ಹೆಚ್ಚಿಲ್ಲ. ಆದರೆ ಮೃಗಶಿರಾ ಮಳೆ ಹೂಡಿ ಪಶ್ಚಿಮದ ಗಾಳಿ ತಿರುಗಿದ ಮೇಲೆ ಈ ಅಲ್ಪ ದೂರವನ್ನು ನಗರದಲ್ಲಿ ತೊಟ್ಟ ಉಡುಪಿನಲ್ಲಿಯೇ ಕ್ರಮಿಸಿದವನಿಗೆ, ವಸ್ತ್ರದ ಗುಣದೋಷಗಳ ವಿಚಾರವನ್ನು ಬೇರೆ ಯಾವ ಪಂಡಿತನೂ ಬೋಧಿಸಬೇಕಾಗುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವ ಬೆಳಗಾವಿಯಲ್ಲಿ ವರ್ಷಕ್ಕೆ ಸರಾಸರಿ 1,300 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆಯಾದರೆ, ಖಾನಾಪುರ ತಾಲ್ಲೂಕಿನೊಳಗೆ ಜಾಂಬೋಟಿಯನ್ನು ದಾಟಿ ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿಯತ್ತ ಸಾಗಿದಂತೆಲ್ಲ ಅದು ಇಮ್ಮಡಿ ಮುಮ್ಮಡಿಯಾಗುತ್ತದೆ. ಅದೇ ತಾಲ್ಲೂಕಿನ ಆಮಗಾಂವ್ ಎಂಬ ಪುಟ್ಟ ಹಳ್ಳಿಯ ಹೆಸರನ್ನು ಮಳೆಯ ಲೆಕ್ಕವಿಡುವವರು ಆಗುಂಬೆ, ಹುಲಿಕಲ್ಲುಗಳ ಪಂಕ್ತಿಯಲ್ಲಿ ಉಚ್ಚರಿಸುತ್ತಾರೆ. ಅತ್ತ ಜಿಲ್ಲೆಯ ಇನ್ನೊಂದು ಅಂಚಿನ ಅಥಣಿಯಲ್ಲಿ ಬೀಳುವ ಮಳೆ ಐದುನೂರು ಮಿಲಿಮೀಟರಿನ ಆಚೀಚೆ. ಒಂದೇ ಜಿಲ್ಲೆಯ ಗಡಿಯೊಳಗೆ ಮಲೆನಾಡೂ ಬಯಲೂ ನಡುವಿನ ಬೆಳವಲವೂ ಕೂಡಿಬಂದಿರುವಾಗ, ಯಾವ ಬಟ್ಟೆ ಚೆನ್ನ ಎಂಬ ಪ್ರಶ್ನೆಗೆ ಒಂದೇ ಉತ್ತರವನ್ನು ಅಂಗಡಿಯ ಗಾಜಿನ ಕಪಾಟಿನಲ್ಲಿ ಹುಡುಕುವುದು ವ್ಯರ್ಥವೇ ಸರಿ.

ಹಿಂದಿನವರು ಹಾಗೆ ಹುಡುಕುತ್ತಿರಲಿಲ್ಲ. ಅವರ ಕೈಗೆ ಸಿಕ್ಕುತ್ತಿದ್ದ ವಸ್ತುಗಳು ಕೆಲವೇ. ಆದರೆ ಆ ಕೆಲವಕ್ಕೆ ಅವರು ಕಲ್ಪಿಸಿದ ಪ್ರಯೋಜನಗಳು ಹಲವು. ಖಾನಾಪುರದ ಭತ್ತದ ಗದ್ದೆಗಳಲ್ಲಿ ಆರಿದ್ರಾ ಪುನರ್ವಸುಗಳ ಬಿರುಮಳೆಗೆ ಬೆನ್ನೊಡ್ಡಿ ದುಡಿಯುವ ಒಕ್ಕಲಿಗನ ಆಶ್ರಯವೆಂದರೆ ಕಂಬಳಿ. ಅದನ್ನು ಉದ್ದಕ್ಕೆ ಇಮ್ಮಡಿಸಿ, ಒಂದು ತುದಿಯ ಮೂಲೆಯನ್ನು ಒಳಕ್ಕೆ ಮಡಚಿ ತಲೆಯ ಮೇಲೆ ಕೊಪ್ಪೆಯಾಗಿ ಹಾಕಿಕೊಂಡರೆ ನೆತ್ತಿಯಿಂದ ಮೊಣಕಾಲ ಹಿಂಬದಿಯ ಪರ್ಯಂತ ಮೈ ಮುಚ್ಚಿತು, ಎರಡೂ ಕೈಗಳು ಕೆಲಸಕ್ಕೆ ತೆರವಾಗಿ ಉಳಿದವು. ಕೊಡೆಗೆ ಈ ಗುಣವಿಲ್ಲ. ಹಿಡಿದವನ ಒಂದು ಕೈಯನ್ನು ಅದು ಯಾವಾಗಲೂ ತನ್ನ ಸೇವೆಗೆ ಒತ್ತೆಯಿಟ್ಟುಕೊಳ್ಳುತ್ತದೆ, ಮೇಲಾಗಿ ಘಟ್ಟದ ಗಾಳಿಗೆ ಮೊದಲು ತಲೆಕೆಳಗಾಗುವುದೂ ಅದೇ.

ಕಂಬಳಿ ಮಳೆಯನ್ನು ತಡೆಯುವ ಬಗೆ ವಿಚಾರಯೋಗ್ಯವಾದದ್ದು. ದಖ್ಖಣದ ಕುರಿಯ ಒರಟು ಉಣ್ಣೆಯನ್ನು ಕೈಯಿಂದ ನೂತು, ಕುಳಿಮಗ್ಗದಲ್ಲಿ ನೇಯ್ದು, ಹುಣಸೆಬೀಜದ ಸರಿಯನ್ನು ಬಳಿದು ಬಿಗಿಮಾಡುವ ಕುರುಬ ನೇಕಾರರಿಗೆ ಅದರ ರಸಾಯನಶಾಸ್ತ್ರ ತಿಳಿದಿತ್ತೋ ಇಲ್ಲವೋ, ಫಲ ಮಾತ್ರ ನಿಶ್ಚಿತವಾಗಿ ತಿಳಿದಿತ್ತು. ಉಣ್ಣೆಯ ಎಳೆಗೆ ಸಹಜವಾಗಿಯೇ ಇರುವ ಜಿಡ್ಡು ನೀರಿನ ಹನಿಯನ್ನು ಹೊರಮೈಯಲ್ಲಿಯೇ ಜಾರಿಸುತ್ತದೆ. ಒಳಹೊಕ್ಕ ತೇವವಾದರೂ ಎಳೆಯ ಸ್ವಂತ ತೂಕದ ಮೂರನೆಯ ಒಂದು ಭಾಗವನ್ನು ಮುಟ್ಟುವ ತನಕ ಮೈಗೆ ಒದ್ದೆಯೆನಿಸುವುದಿಲ್ಲ. ಹಾಗೆ ಹೀರಿಕೊಳ್ಳುವಾಗ ಕಿಂಚಿತ್ ಉಷ್ಣವೂ ಹುಟ್ಟುತ್ತದೆ. ಅಂತೆಯೇ ಬೆಂಕಿಯ ಕಿಡಿ ಬಿದ್ದರೆ ಅದು ಸುಟ್ಟು ಕರಿಕಾಗಿ ತಾನೇ ಆರುತ್ತದೆಯೇ ಹೊರತು ಧಗ್ಗನೆ ಹತ್ತಿಕೊಳ್ಳುವುದಿಲ್ಲ. ಹಗಲಿಗೆ ಕೊಪ್ಪೆ, ರಾತ್ರಿಗೆ ಹಾಸಿಗೆ, ಚಳಿಗೆ ಹೊದಿಕೆ, ಪಂಚಾಯಿತಿಗೆ ಗದ್ದುಗೆ, ಮದುವೆಯ ಮನೆಯಲ್ಲಿ ಶುಭದ ಆಸನ: ಇಷ್ಟು ಪದವಿಗಳನ್ನು ಒಂದೇ ಬಾಳಿನಲ್ಲಿ ಅಲಂಕರಿಸಿದ ವಸ್ತ್ರ ನಮ್ಮ ನಾಡಿನಲ್ಲಿ ಮತ್ತೊಂದಿಲ್ಲ. ದೋಷಗಳನ್ನೂ ಹೇಳಬೇಕು. ನೆನೆದ ಕಂಬಳಿ ಹೆಗಲಿಗೆ ಅಸಾಧ್ಯ ಭಾರ. ಒಣಗಲು ಒಲೆಯ ಮೇಲಿನ ಅಟ್ಟವೇ ಬೇಕು. ಅದರ ವಾಸನೆಯನ್ನು ಸಹಿಸಲು ಹುಟ್ಟಿನಿಂದ ಅಭ್ಯಾಸವಿರಬೇಕು. ಆದುದರಿಂದ ಪ್ಲಾಸ್ಟಿಕ್ಕಿನ ಹಾಳೆ ಬಂದೊಡನೆ ನಾಟಿಯ ಹೆಂಗಸರು ಅದನ್ನೇ ಕೊಪ್ಪೆಯಾಗಿ ಮಡಚಿಕೊಂಡರೆ ಅವರನ್ನು ಆಕ್ಷೇಪಿಸುವ ಅಧಿಕಾರ, ಗದ್ದೆಗಿಳಿಯದ ನಮಗೆ ಇಲ್ಲ.

ಆ ಹೆಂಗಸರ ಸೀರೆಯನ್ನೂ ಇದೇ ದೃಷ್ಟಿಯಿಂದ ನೋಡಬೇಕು. ಕಚ್ಚೆ ಹಾಕಿ ಉಟ್ಟ ಸೀರೆಯನ್ನು ಚಿತ್ರಕಾರರು ಸೊಬಗಿಗಾಗಿ ಬರೆದರು, ನಾಟಕದವರು ವೀರರಮಣಿಯರಿಗೆ ಉಡಿಸಿದರು. ಅದರ ನಿಜವಾದ ಗೌರವ ಕೆಸರಿನಲ್ಲಿದೆ. ಮೊಣಕಾಲ ಮೇಲಕ್ಕೆ ಎತ್ತಿಕಟ್ಟಿ ಹಿಂದಕ್ಕೆ ಸಿಕ್ಕಿಸಿದ ಒಂಬತ್ತು ಗಜದ ಬಟ್ಟೆ, ದಿನವಿಡೀ ಬಗ್ಗಿ ನಿಂತು ಸಸಿ ಊರುವ ಶರೀರಕ್ಕೆ ಸಂಕೋಚವಿಲ್ಲದ ಚಲನೆಯನ್ನೂ ನಡುವಿಗೆ ಬಿಗಿಯಾದ ಆಸರೆಯನ್ನೂ ಕೊಡುತ್ತದೆ. ಇಳಕಲ್ಲಿನ ಸೀರೆಯಲ್ಲಿ ದಿನದ ದುಡಿಮೆಯನ್ನು ಹೊರುವ ಒಡಲಿಗೆ ಹತ್ತಿಯ ನೂಲು, ಕಣ್ಣಿಗೆ ಬೀಳುವ ಸೆರಗಿಗೆ ಕೆಂಪು ರೇಷ್ಮೆ, ಇವೆರಡನ್ನೂ ಎಳೆಗೆ ಎಳೆ ಕೂಡಿಸುವ ಕೊಂಡಿ. ಮೇಲೆ ಗುಳೇದಗುಡ್ಡದ ಖಣದ ಕುಬಸ. ಉಪಯೋಗಕ್ಕೆ ಎಲ್ಲಿ ಖರ್ಚು ಮಾಡಬೇಕು, ಚೆಲುವಿಗೆ ಎಲ್ಲಿ ಖರ್ಚು ಮಾಡಬೇಕು ಎಂಬ ವಿವೇಕವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಉಡುಪನ್ನು ನಾನು ಕಾಣೆ. ಬೆಳಗಾವಿಯದೇ ಆದ ಶಹಾಪುರ, ವಡಗಾವಿ, ಖಾಸಬಾಗಗಳ ಮಗ್ಗದ ಸೀರೆಗಳು ಇಂದಿಗೂ ಮಾರುಕಟ್ಟೆಗೆ ಬರುತ್ತಿವೆ. ಕೊಳ್ಳುವವರು ಖಡೇಬಜಾರಿನ ದೀಪಗಳಲ್ಲಿ ನಿಂತು ಎಲ್ಲಿಂದಲೋ ಬಂದ ಜಾರುಬಟ್ಟೆಯನ್ನು ಆರಿಸುವ ಮೊದಲು ಒಂದು ಸಲ ಆ ಪೇಟೆಗಳ ಕಡೆಗೂ ಹೋಗಿಬಂದರೆ ನಷ್ಟವೇನೂ ಇಲ್ಲ.

ಉಡುಪು ಚಳಿಮಳೆಗಳನ್ನು ಮೀರಿದ ಇನ್ನೊಂದು ಅರ್ಥವನ್ನು ಧರಿಸಿದ ಪ್ರಸಂಗವೂ ಈ ಊರಿನ ಇತಿಹಾಸದಲ್ಲಿಯೇ ಇದೆ. 1924ರ ಡಿಸೆಂಬರಿನಲ್ಲಿ ತಿಲಕವಾಡಿಯ ಬಯಲಿನಲ್ಲಿ ಕೂಡಿದ ಕಾಂಗ್ರೆಸ್ಸು ಗಾಂಧೀಜಿ ಅಧ್ಯಕ್ಷರಾಗಿದ್ದ ಏಕೈಕ ಅಧಿವೇಶನ. ಸದಸ್ಯತ್ವದ ಶುಲ್ಕವಾಗಿ ತಿಂಗಳಿಗೆ 2,000 ಗಜ ನೂಲನ್ನು ಕೊಡಬೇಕು, ಕಾಂಗ್ರೆಸ್ಸಿನ ಕಾರ್ಯಗಳಲ್ಲಿ ಖಾದಿಯನ್ನೇ ಧರಿಸಬೇಕು ಎಂಬ ನಿಯಮ ಅನುಮೋದನೆ ಪಡೆದದ್ದು ಇಲ್ಲಿಯೇ. ಆ ಅಧಿವೇಶನದ ಭಾರವನ್ನು ಹೊತ್ತ ಹುದಲಿಯ ಗಂಗಾಧರರಾವ್ ದೇಶಪಾಂಡೆಯವರು ಮುಂದೆ ಕರ್ನಾಟಕದ ಖಾದಿ ಭಗೀರಥರೆನಿಸಿದರು. ಗಾಂಧೀ ಸೇವಾ ಸಂಘದ ಸಮ್ಮೇಳನಕ್ಕೆಂದು 1937ರಲ್ಲಿ ಗಾಂಧೀಜಿ ಆ ಹುದಲಿಗೇ ಬಂದರು. ಖಾದಿಯ ರಾಜಕೀಯ ಹಾಗಿರಲಿ. ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲಿಗೆ ಹೊರಡಬೇಕಾದವನಿಗೆ, ಕೈನೂಲಿನ ಸಡಿಲ ನೇಯ್ಗೆಯ ಆ ಬಟ್ಟೆ ಬೆವರನ್ನು ಹೀರಿ ಗಾಳಿಯನ್ನು ಬಿಟ್ಟುಕೊಡುವಷ್ಟು ಔದಾರ್ಯದಿಂದ ಬೇರೆ ಯಾವುದೂ ಬಿಟ್ಟುಕೊಡುವುದಿಲ್ಲ. ಇಸ್ತ್ರಿಯ ರಗಳೆ ಇದೆ, ನಿಜ. ಸುಕ್ಕನ್ನು ಸಹಿಸಬಲ್ಲವರು ಸುಖಪಡುತ್ತಾರೆ.

ಈಗ ನಗರದ ಉತ್ತರಕ್ಕೆ, ಕಣಬರ್ಗಿಯ ಮಗ್ಗುಲಿನ ಆಟೋ ನಗರಕ್ಕೆ ಬರೋಣ. ಹೊರಗಿನವರಿಗೆ ಈ ಹೆಸರು ಕ್ರಿಕೆಟ್ ಮೈದಾನದಿಂದ ಪರಿಚಿತವಾಗಿರಬಹುದು. ಊರಿನವರಿಗೆ ಅದು ಗ್ಯಾರೇಜುಗಳ, ಲೇತುಗಳ, ವೆಲ್ಡಿಂಗ್ ಶೆಡ್ಡುಗಳ, ಸಣ್ಣ ಕಾರ್ಖಾನೆಗಳ ಬಡಾವಣೆ. ಇಲ್ಲಿ ಋತುಗಳು ಎರಡೇ: ಯಂತ್ರ ನಡೆಯುತ್ತಿರುವ ಹೊತ್ತು, ನಿಂತಿರುವ ಹೊತ್ತು. ಗದ್ದೆಯಲ್ಲಿ ಉಡುಪಿನ ತಪ್ಪು ಆಯ್ಕೆಗೆ ನೆಗಡಿ ಜ್ವರಗಳ ದಂಡ ತೆತ್ತರೆ ಮುಗಿಯಿತು. ಇಲ್ಲಿ ಬೆರಳನ್ನೋ ಕಣ್ಣನ್ನೋ ತೆರಬೇಕಾಗುತ್ತದೆ. ಆದರೂ ವಿಲಕ್ಷಣವೇನೆಂದರೆ, ಕುರುಬನ ಕಂಬಳಿಯ ಹಿಂದೆ, ಕಚ್ಚೆ ಸೀರೆಯ ಹಿಂದೆ ಇದ್ದ ಆ ದೀರ್ಘಕಾಲದ ಆಲೋಚನೆ ಈ ಹೊಸ ದುಡಿಮೆಯ ಉಡುಪಿನ ಹಿಂದೆ ಇನ್ನೂ ಬೆಳೆದಿಲ್ಲ. ಹಬ್ಬಕ್ಕೆ ಕೊಂಡು ಹಳತಾದ ಪಾಲಿಯೆಸ್ಟರ್ ಅಂಗಿ, ತೋಳಿನ ಗುಂಡಿ ಹೋಗಿರುವುದು. ಕಾಲಿಗೆ ರಬ್ಬರಿನ ಚಪ್ಪಲಿ. ಕೊರಳಲ್ಲಿ ಜೋತಾಡುವ ದಾರ, ಬೆರಳಲ್ಲಿ ಉಂಗುರ, ಮಣಿಕಟ್ಟಿನಲ್ಲಿ ಸ್ಟೀಲಿನ ಕಡಗ: ಹೊಸದಾಗಿ ಕೆಲಸಕ್ಕೆ ಸೇರಿದ ಹೆಲ್ಪರನ ವೇಷ ಬಹುತೇಕ ಇದೇ.

ಒಂದೊಂದನ್ನೇ ವಿಚಾರಿಸಿ ನೋಡಿ. ಪಾಲಿಯೆಸ್ಟರಿನ ಎಳೆ ಸುಮಾರು 250ರಿಂದ 260 ಡಿಗ್ರಿ ಸೆಲ್ಸಿಯಸ್ಸಿಗೆ ಕರಗಿ ಅಂಟಾಗುತ್ತದೆ. ವೆಲ್ಡಿಂಗಿನ ಕಿಡಿ ಅದಕ್ಕಿಂತ ಎಷ್ಟೋ ಪಟ್ಟು ಬಿಸಿ. ಹತ್ತಿಯ ಬಟ್ಟೆಯ ಮೇಲೆ ಬಿದ್ದ ಕಿಡಿ ಒಂದು ತೂತು ಮಾಡಿ ಆರಬಹುದು, ಕೊಡವಿದರೆ ಉದುರಬಹುದು. ಪಾಲಿಯೆಸ್ಟರಾದರೋ ಕರಗಿ ಚರ್ಮಕ್ಕೆ ಅಂಟಿ, ಕೀಳಹೊರಟರೆ ಚರ್ಮವನ್ನೂ ಜತೆಗೆ ಎಳೆದು ತರುತ್ತದೆ. ಆದುದರಿಂದ ಬೆಂಕಿಯ ಬಳಿ ಕೆಲಸ ಮಾಡುವವನಿಗೆ ದಪ್ಪ ಹತ್ತಿಯ ತುಂಬುತೋಳಿನ ಅಂಗಿ, ಮೇಲೆ ಚರ್ಮದ ಮುಂಗವಚ, ಚರ್ಮದ ಕೈಗವಸು. ಪ್ಯಾಂಟಿನ ಕೆಳತುದಿಯನ್ನು ಹೊರಕ್ಕೆ ಮಡಚಬಾರದು. ಉದ್ಯಮಬಾಗದ ಎರಕದ ಕಾರ್ಖಾನೆಗಳಲ್ಲಿ ಕರಗಿದ ಕಬ್ಬಿಣವನ್ನು ನೋಡಿದವರಿಗೆ ಆ ಮಡಿಕೆಯೊಳಗೆ ಹನಿ ಬಿದ್ದು ನಿಂತರೆ ಏನಾಗುತ್ತದೆಂಬುದನ್ನು ಹೇಳಬೇಕಾಗಿಲ್ಲ. ಆದರೆ ಅದೇ ಕೈಗವಸು ಲೇತಿನ ಮುಂದೆ ಶತ್ರು. ತಿರುಗುವ ಚಕ್ಕಿಗೆ ಸಡಿಲವಾದ ಯಾವುದು ಸಿಕ್ಕಿದರೂ, ಅದು ಗವಸಿನ ತುದಿಯಾಗಲಿ ತೋಳಿನ ಅಂಚಾಗಲಿ ಓಢಣಿಯಾಗಲಿ, ಮೊದಲು ಬಟ್ಟೆಯನ್ನೂ ತರುವಾಯ ಅದರೊಳಗಿನ ಮನುಷ್ಯನನ್ನೂ ಅದು ಎಳೆದುಕೊಳ್ಳುತ್ತದೆ. 1948ರ ಕಾರ್ಖಾನೆಗಳ ಕಾಯಿದೆಯ 22ನೆಯ ಕಲಮು, ಚಲಿಸುವ ಯಂತ್ರವನ್ನು ಸಮೀಪಿಸಿ ತಪಾಸಣೆ ಮಾಡುವವನು ಮೈಗೊಪ್ಪುವ ಬಿಗಿ ಉಡುಪನ್ನು ತೊಟ್ಟಿರಬೇಕೆಂದೂ ಆ ಉಡುಪನ್ನು ಕಾರ್ಖಾನೆಯವರೇ ಒದಗಿಸಬೇಕೆಂದೂ ಬರೆಯಿತು. 35ನೆಯ ಕಲಮು ಕಣ್ಣಿನ ರಕ್ಷಣೆಗೆ ಕನ್ನಡಕವನ್ನೋ ಪರದೆಯನ್ನೋ ವಿಧಿಸಿತು. ಈ ಕಾಯಿದೆ ಆಳುಗಳ ಸಂಖ್ಯೆಯನ್ನು ನೋಡಿ ಅನ್ವಯಿಸುವಂಥದಾಗಿತ್ತು. ನಾಲ್ಕಾಳಿನ ಗ್ಯಾರೇಜು ಅದರ ಕಣ್ಣಿಗೆ ಬೀಳುತ್ತಿರಲಿಲ್ಲ. ಲೇತಿಗೆ ಮಾತ್ರ ಆಳುಗಳನ್ನು ಎಣಿಸುವ ಅಭ್ಯಾಸವಿಲ್ಲ.

ಉಂಗುರದ ವಿಷಯ ಬೇರೆಯಾಗಿಯೇ ಹೇಳಬೇಕಾದದ್ದು. ವಾಹನದ ಬ್ಯಾಟರಿಯ ಬಳಿ ಸ್ಪ್ಯಾನರ್ ಹಿಡಿದ ಕೈಯ ಉಂಗುರ, ವಿದ್ಯುತ್ತಿನ ಎರಡು ಧ್ರುವಗಳ ನಡುವೆ ಸೇತುವೆಯಾಗಿ ಸಿಕ್ಕಿಬಿದ್ದರೆ ಕ್ಷಣಾರ್ಧದಲ್ಲಿ ಕೆಂಪಗೆ ಕಾಯುತ್ತದೆ, ಆಗ ಅದನ್ನು ತೆಗೆಯುವುದಕ್ಕೂ ಬರುವುದಿಲ್ಲ. ಮದುವೆಯ ಉಂಗುರವಾದರೂ ಸರಿಯೇ, ಕೆಲಸದ ಹೊತ್ತಿನಲ್ಲಿ ಅದು ಜೇಬಿನಲ್ಲಿರುವುದು ದಾಂಪತ್ಯಕ್ಕೂ ಕ್ಷೇಮ. ಇನ್ನು ವೆಲ್ಡಿಂಗಿನ ಬೆಳಕು: ಅದನ್ನು ಬರಿಗಣ್ಣಿನಿಂದ ನೋಡಿದವನಿಗೆ ಆ ಕ್ಷಣದಲ್ಲಿ ಏನೂ ಆಗುವುದಿಲ್ಲ, ಕೆಲವು ಗಂಟೆಗಳಾದ ಮೇಲೆ, ನಡುರಾತ್ರಿಯಲ್ಲಿ, ಕಣ್ಣೊಳಗೆ ಮರಳು ಸುರಿದಂಥ ಉರಿ ಎದ್ದು ನಿದ್ರೆ ಕೆಡುತ್ತದೆ. ಅತಿನೇರಳೆ ಕಿರಣಗಳು ಕಣ್ಣಿನ ಹೊರಪೊರೆಯನ್ನು ಸುಟ್ಟದ್ದರ ಫಲವದು. ಬಿಸಿಲಿಗೆ ಹಾಕುವ ಶೋಕಿಯ ಕಪ್ಪು ಕನ್ನಡಕ ಅದಕ್ಕೆ ಸಾಲದು. ವೆಲ್ಡಿಂಗಿಗೆಂದೇ ಮಾಡಿದ ಗಾಜು ಬೇಕು, ಕೈಯಲ್ಲಿ ಹಿಡಿಯುವ ಹಲಗೆಗಿಂತ ತಲೆಗೆ ಕಟ್ಟುವ ಮುಖವಾಡ ಉತ್ತಮ.

ಪಾದರಕ್ಷೆಗೆ ಬಂದರೆ, ಈ ಜಿಲ್ಲೆಗೆ ತನ್ನದೇ ಆದ ಅಭಿಮಾನವಿದೆ. ಕೊಲ್ಹಾಪುರಿ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾದ ಚಪ್ಪಲಿಯನ್ನು ಅಥಣಿ, ನಿಪ್ಪಾಣಿಗಳ ಕಡೆಯ ಕುಶಲಿಗಳು ತಲೆತಲಾಂತರದಿಂದ ಹೊಲಿಯುತ್ತ ಬಂದಿದ್ದು, 2019ರಲ್ಲಿ ದೊರೆತ ಭೌಗೋಳಿಕ ಸೂಚಿಕೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿವೆ. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಅದನ್ನೇ ಹೋಲುವ ಪಾದರಕ್ಷೆಯನ್ನು ಮಿಲಾನಿನ ಪ್ರದರ್ಶನದಲ್ಲಿ ಮೂಲದ ಹೆಸರೆತ್ತದೆ ತೋರಿಸಿ, ಗದ್ದಲವಾದ ಮೇಲೆ ಋಣವನ್ನು ಒಪ್ಪಿಕೊಂಡ ಸಂಗತಿ ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ಒಣಹವೆಯಲ್ಲಿ, ಬೇಸಗೆಯಲ್ಲಿ, ಮದುವೆಯಲ್ಲಿ ಅದಕ್ಕೆ ಸಮನಾದದ್ದಿಲ್ಲ. ಮಳೆಗೆ ಮಾತ್ರ ಅದು ಸಲ್ಲದು: ಗಿಡಮರಗಳ ರಸದಲ್ಲಿ ಹದಮಾಡಿದ ಚರ್ಮ ನೀರುಂಡು ಉಬ್ಬಿ ಆಕಾರ ಕಳೆದುಕೊಳ್ಳುತ್ತದೆ. ಕಾರ್ಖಾನೆಗಂತೂ ಬೂಟೇ ಬೇಕು. ಭಾರತೀಯ ಮಾನಕವಾದ ಐಎಸ್ 15298ರ ಸುರಕ್ಷತಾ ಬೂಟಿನ ಮೂತಿಯೊಳಗಿನ ಟೋಪಿ, ಇಪ್ಪತ್ತು ಕಿಲೋ ಭಾರವೊಂದು ಸುಮಾರು ಒಂದು ಮೀಟರ್ ಎತ್ತರದಿಂದ ಬಿದ್ದರೂ ಬೆರಳುಗಳನ್ನು ಕಾಯುವಂತೆ ಪರೀಕ್ಷಿಸಲ್ಪಟ್ಟಿರುತ್ತದೆ. ಗ್ಯಾರೇಜಿನಲ್ಲಿ ಕೈಜಾರಿ ಬೀಳುವ ಸಾಮಾನುಗಳ ತೂಕ ಬಹುಮಟ್ಟಿಗೆ ಅಷ್ಟರೊಳಗಿನದೇ.

ಈ ಬಡಾವಣೆಯಿಂದಲೇ ಹೊರಬೀಳುವ ಬೈಕುಗಳ ವಿಷಯವಾಗಿ ಒಂದು ಮಾತು. ಹಿಂದೆ ಕುಳಿತವರ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟನ್ನು ಮುಚ್ಚುವ ಸಾಧನವಿರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ ಹೇಳುತ್ತದೆ; ಜನ ಅದನ್ನು ಸೀರೆ ಗಾರ್ಡ್ ಎನ್ನುತ್ತಾರೆ. ಹೊಸ ಬೈಕನ್ನು ತಂದ ತರುಣ ಅಂದಕ್ಕಾಗಿ ಮೊದಲು ಬಿಚ್ಚಿಸುವುದೂ ಅದನ್ನೇ. ತರುವಾಯ ಅದೇ ಬೈಕಿನ ಹಿಂದೆ ತಾಯಿಯೋ ತಂಗಿಯೋ ಸೆರಗು ಹಾರಿಸಿಕೊಂಡು ಕೂಡುತ್ತಾರೆ. ಬಿಚ್ಚಲು ಕೇಳಿದವನಿಗಿಂತ, ಕೇಳಿದೊಡನೆ ಬಿಚ್ಚಿಕೊಟ್ಟ ಮೇಸ್ತ್ರಿಯ ತಪ್ಪು ದೊಡ್ಡದೆಂದು ನನ್ನ ಅಭಿಪ್ರಾಯ. ಮಳೆಗಾಲದಲ್ಲಿ ಬೈಕಿಗೆ ಬೇಕಾದದ್ದು ಅಂಗಿ ಮತ್ತು ಪ್ಯಾಂಟು ಬೇರೆಬೇರೆಯಾಗಿರುವ, ಮೋಡದ ಮಬ್ಬಿನಲ್ಲಿ ದೂರದಿಂದ ಕಾಣುವ ಹಳದಿಯೋ ಕಿತ್ತಳೆಯೋ ಬಣ್ಣದ ರೇನ್‌ಕೋಟು. ಪಟಪಟನೆ ಹಾರುವ ಇಡೀ ಮೈಯ ನಿಲುವಂಗಿಯಲ್ಲ. ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ ಎರಡು ಪದರು ಬಟ್ಟೆಯ ನಡುವೆ ರಬ್ಬರನ್ನು ಬಳಿದು 1823ರಲ್ಲಿ ಹಕ್ಕುಪತ್ರ ಪಡೆದಂದಿನಿಂದ ಇಂದಿನವರೆಗೆ ಅಗ್ಗದ ರೇನ್‌ಕೋಟುಗಳ ದೋಷ ಒಂದೇ: ಹೊರಗಿನ ನೀರು ಒಳಬರುವುದಿಲ್ಲ, ಒಳಗಿನ ಬೆವರು ಹೊರಹೋಗುವುದಿಲ್ಲ. ಆದುದರಿಂದ ಕೊಳ್ಳುವಾಗ ಕಂಕುಳಲ್ಲಿ ಗಾಳಿಕಂಡಿಗಳಿವೆಯೇ, ಹೊಲಿಗೆಯ ಮೇಲೆ ಒಳಗಿನಿಂದ ಪಟ್ಟಿ ಅಂಟಿಸಿದೆಯೇ ಎಂದು ನೋಡಬೇಕು. ಹೆಲ್ಮೆಟ್ಟಿನ ಮೇಲೆ ಐಎಸ್‌ಐ ಗುರುತೂ 4151 ಎಂಬ ಸಂಖ್ಯೆಯೂ ಇರಬೇಕು, ಗದ್ದದ ಪಟ್ಟಿ ಬಿಗಿದಿರಬೇಕು. ಪಟ್ಟಿ ಬಿಗಿಯದ ಹೆಲ್ಮೆಟ್ಟು ಬೀಳುವಾಗ ಯಜಮಾನನಿಗಿಂತ ಮುಂಚೆಯೇ ಬೇರೆ ದಾರಿ ಹಿಡಿಯುತ್ತದೆ.

ಬೆಳಗಾವಿಯ ಕಾರ್ಖಾನೆಗಳಲ್ಲಿ ಖಂಡೇನವಮಿಯ ದಿನ ಲೇತಿಗೂ ವೆಲ್ಡಿಂಗ್ ಯಂತ್ರಕ್ಕೂ ಹೂವೇರಿಸಿ ಪೂಜಿಸುವ ಸಂಪ್ರದಾಯವಿದೆ. ಹಬ್ಬದ ಸಲುವಾಗಿ ಆಳುಗಳಿಗೆ ಬಟ್ಟೆಯನ್ನೋ ಹಣವನ್ನೋ ಕೊಡುವ ಔದಾರ್ಯವೂ ಅನೇಕ ಮಾಲಕರಲ್ಲಿದೆ. ಬರುವ ನವಮಿಗೆ ಆ ಉಡುಗೊರೆಯ ಜತೆಯಲ್ಲಿ ಒಂದು ಜೊತೆ ಸುರಕ್ಷತಾ ಬೂಟನ್ನೂ ಒಂದು ಕನ್ನಡಕವನ್ನೂ ದಪ್ಪ ಹತ್ತಿಯ ಒಂದು ಅಂಗಿಯನ್ನೂ ಸೇರಿಸಬೇಕೆಂದು ಆಟೋ ನಗರದ ಮಾಲಕರಲ್ಲಿ ನನ್ನ ವಿಜ್ಞಾಪನೆ. ಕೊಳ್ಳುವ ಮೊದಲು ಪ್ರತಿಯೊಬ್ಬನ ಕಾಲಿನ ಅಳತೆಯನ್ನು ಕೇಳಿ ಬರೆದುಕೊಳ್ಳಿರಿ. ಅಳತೆ ತಪ್ಪಿದ ಬೂಟನ್ನು ಯಾವ ಆಳೂ ಎರಡು ದಿನಕ್ಕಿಂತ ಹೆಚ್ಚು ಹಾಕುವುದಿಲ್ಲ.