ಸ್ಥಿರವಸ್ತು ಛಾಯಾಚಿತ್ರ ಮತ್ತು ಹಿತವಿಮರ್ಶೆ

ಹಣ್ಣು, ಹೂವು, ಪಾತ್ರೆ, ಪುಸ್ತಕ ಮುಂತಾದ ನಿಶ್ಚಲ ವಸ್ತುಗಳನ್ನು ಒಂದೆಡೆ ಜೋಡಿಸಿ ತೆಗೆದ ಚಿತ್ರಕ್ಕೆ ಸ್ಥಿರವಸ್ತು ಚಿತ್ರವೆಂದು ಹೆಸರು. ಛಾಯಾಚಿತ್ರಣದ ಶೈಶವದಲ್ಲಿಯೇ ಈ ಪ್ರಕಾರವು ಕಾಣಿಸಿಕೊಂಡಿತು. ಫ್ರಾನ್ಸಿನ ಡಾಗೇರನು 1837ರಲ್ಲಿ ಪ್ಲಾಸ್ಟರಿನ ಪ್ರತಿಮೆಗಳನ್ನು ಜೋಡಿಸಿ ಚಿತ್ರ ತೆಗೆದನು. ಇಂಗ್ಲೆಂಡಿನ ಟಾಲ್ಬಟನು 1844ರಿಂದ 1846ರವರೆಗೆ ಭಾಗಭಾಗವಾಗಿ ಪ್ರಕಟಿಸಿದ ಗ್ರಂಥದಲ್ಲಿ ಪಿಂಗಾಣಿ ಪಾತ್ರೆಗಳ ಮತ್ತು ಹಣ್ಣುಗಳ ಚಿತ್ರಗಳು ಸೇರಿದ್ದವು. ಚಿತ್ರ ಮೂಡಲು ಅಂದು ಬಹಳ ಹೊತ್ತು ಬೇಕಾಗಿದ್ದುದರಿಂದ ಅಲುಗಾಡದ ವಸ್ತುಗಳೇ ಅನುಕೂಲವಾಗಿದ್ದವು. ಇಂದು ಮೊಬೈಲಿನಲ್ಲಿಯೂ ಕ್ಷಣಮಾತ್ರದಲ್ಲಿ ಚಿತ್ರ ಮೂಡುವುದಾದರೂ ಕಲಿಯುವವರಿಗೆ ಇದೇ ಉತ್ತಮ ಪಾಠ. ವಸ್ತುವನ್ನು ಸರಿಸಿ, ಬೆಳಕನ್ನು ಬದಲಿಸಿ, ಮತ್ತೆ ಮತ್ತೆ ಪರೀಕ್ಷಿಸಲು ಇಲ್ಲಿ ಅವಕಾಶವುಂಟು.

ಆದರೆ ಆ ಕಲಿಕೆ ಮುಂದುವರಿಯುವುದೂ ನಿಂತುಹೋಗುವುದೂ ಬಹುಮಟ್ಟಿಗೆ ಹಿರಿಯರು ಆಡುವ ಮಾತನ್ನು ಅವಲಂಬಿಸಿದೆ. “ಬಹಳ ಚೆನ್ನಾಗಿದೆ” ಎಂಬ ಮಾತು ವಿದ್ಯಾರ್ಥಿಯನ್ನು ಇದ್ದಲ್ಲಿಯೇ ಇರಿಸುತ್ತದೆ. “ಏನೂ ಸರಿಯಿಲ್ಲ” ಎಂಬ ಮಾತು ಅವನ ಕೈಯಿಂದ ಕ್ಯಾಮರಾವನ್ನೇ ಬಿಡಿಸುತ್ತದೆ. ಎರಡರಲ್ಲಿಯೂ ಚಿತ್ರದ ವಿವೇಚನೆ ಇಲ್ಲ.

ಒಬ್ಬ ವಿದ್ಯಾರ್ಥಿಯು ಬಿಳಿಯ ಬಟ್ಟೆಯ ಮೇಲೆ ಹಿತ್ತಾಳೆಯ ತಂಬಿಗೆಯನ್ನೂ ಎರಡು ನಿಂಬೆಹಣ್ಣುಗಳನ್ನೂ ಇಟ್ಟು ತೆಗೆದ ಚಿತ್ರವನ್ನು ಗುರುಗಳಿಗೆ ತೋರಿಸಿದನೆಂದು ಭಾವಿಸಬಹುದು. ಬಟ್ಟೆ ಮಾಸಿದಂತೆ ಬೂದುಬಣ್ಣವಾಗಿದೆ; ತಂಬಿಗೆಯ ಮೇಲೆ ಕಣ್ಣು ಕುಕ್ಕುವ ಬಿಳಿಯ ಚುಕ್ಕೆಯಿದೆ; ಒಂದು ಹಣ್ಣು ಚಿತ್ರದ ಅಂಚಿನಲ್ಲಿ ತುಂಡಾಗಿದೆ. ಇಲ್ಲಿ ಗುರುಗಳು ಮೊದಲು ಕೇಳಬೇಕಾದುದು, “ನೀನು ಏನನ್ನು ತೋರಿಸಬೇಕೆಂದಿದ್ದೆ?” ಎಂಬ ಪ್ರಶ್ನೆ. ಉದ್ದೇಶವನ್ನು ಅರಿಯದೆ ಗುಣದೋಷಗಳನ್ನು ತೂಗಲಾಗದು. ಅನಂತರ ಸಫಲವಾದ ಅಂಶವೊಂದನ್ನು ಕಾರಣಸಹಿತ ಹೇಳಬೇಕು: ಹಿತ್ತಾಳೆಯ ಹೊಂಬಣ್ಣಕ್ಕೆ ನಿಂಬೆಯ ಹಳದಿ ಹೊಂದಿಕೊಂಡಿದೆ, ಆದುದರಿಂದ ಈ ಜೋಡಣೆ ಉಳಿಯಲಿ, ಎಂಬಂತೆ.

ದೋಷವನ್ನು ಹೇಳುವಾಗಲೂ ಕಾರಣ ಮುಖ್ಯ. ಬಟ್ಟೆ ಬೂದಾದುದು ಹುಡುಗನ ಅಜಾಗ್ರತೆಯಿಂದಲ್ಲ. ಕ್ಯಾಮರಾದ ಬೆಳಕುಮಾಪಕವು ಎದುರಿನ ದೃಶ್ಯವನ್ನು ಮಧ್ಯಮ ಬೂದುಬಣ್ಣವೆಂದೇ ಎಣಿಸುವುದರಿಂದ, ಬಿಳಿಯ ಭಾಗ ಹೆಚ್ಚಿದ್ದಾಗ ಚಿತ್ರವು ಮಂಕಾಗುತ್ತದೆ. ಎರಡರಷ್ಟು ಬೆಳಕನ್ನು ಒಳಬಿಟ್ಟು ನೋಡಬಹುದು. ಚುಕ್ಕೆ ಮೂಡಿದ್ದು ಫ್ಲಾಷಿನಿಂದ. ಅದನ್ನು ಬಿಟ್ಟು, ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ತಂಬಿಗೆಯನ್ನಿರಿಸಿ, ಎದುರುಬದಿಗೆ ಬಿಳಿಯ ಕಾಗದವನ್ನು ನಿಲ್ಲಿಸಿದರೆ ಹೊಳಪು ಮೃದುವಾಗಿ ಹರಡಿ, ನೆರಳು ತಿಳಿಯಾಗುತ್ತದೆ. ಅಮೆರಿಕದ ಎಡ್ವರ್ಡ್ ವೆಸ್ಟನ್ 1930ರಲ್ಲಿ ಒಂದು ದೊಣ್ಣೆಮೆಣಸಿನಕಾಯಿಯನ್ನು ತಗಡಿನ ಆಲಿಕೆಯೊಳಗೆ ಇರಿಸಿ ಜಗತ್ಪ್ರಸಿದ್ಧ ಚಿತ್ರವೊಂದನ್ನು ತೆಗೆದರು. ತಗಡಿನ ಒಳಮೈ ಚೆಲ್ಲಿದ ಬೆಳಕಿನಲ್ಲಿ ಆ ಕಾಯಿಯ ಮಡಿಕೆಗಳು ಶಿಲ್ಪದಂತೆ ಎದ್ದುಕಂಡವು. ಬೆಲೆಬಾಳುವ ಉಪಕರಣಕ್ಕಿಂತ ಬೆಳಕಿನ ಅರಿವು ದೊಡ್ಡದೆಂಬುದಕ್ಕೆ ಇದು ನಿದರ್ಶನ.

ಮೂರು ದೋಷಗಳು ಕಂಡರೂ ಒಂದು ಸಲಕ್ಕೆ ಒಂದನ್ನೇ, ವಿದ್ಯಾರ್ಥಿಯ ಉದ್ದೇಶಕ್ಕೆ ಹೆಚ್ಚು ಅಡ್ಡಿಯಾದುದನ್ನೇ, ತಿದ್ದಲು ಹೇಳುವುದು ಲೇಸು. ಒಟ್ಟಿಗೆ ಎಲ್ಲವನ್ನೂ ಬದಲಿಸಿದರೆ ಯಾವುದರಿಂದ ಯಾವ ಫಲವಾಯಿತೆಂಬುದು ತಿಳಿಯದು. ಗುರುಗಳು ತಾವೇ ತಂಬಿಗೆಯನ್ನು ಸರಿಸಿ ಕೊಟ್ಟರೆ ಚಿತ್ರ ಸುಧಾರಿಸೀತು, ಆದರೆ ಅದು ವಿದ್ಯಾರ್ಥಿಯದಾಗಿ ಉಳಿಯದು. ಅವನೇ ಮತ್ತೊಮ್ಮೆ ತೆಗೆದು, ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಹೇಳಿಕೊಟ್ಟ ಮಾತು ಸ್ವಂತ ಅನುಭವವಾಗುತ್ತದೆ. ತನ್ನ ಚಿತ್ರದ ಕೊರತೆಯನ್ನು ಪರರು ಹೇಳುವ ಮೊದಲೇ ತಾನು ಕಾಣಬಲ್ಲ ಕಣ್ಣನ್ನು ಕೊಡುವುದೇ ಹಿತವಿಮರ್ಶೆಯ ಸಾರ್ಥಕತೆ.