ವಾಲ್ಯೂಮ್ ಇಳಿಸಲು ಬಿಡುವ ಹೆಡ್‌ಫೋನೇ ಒಳ್ಳೇ ಹೆಡ್‌ಫೋನ್

ಬೆಳಗ್ಗೆ ಒಂಬತ್ತರ ಹೊತ್ತಿಗೆ ನಮ್ಮ ಮೆಟ್ರೊದ ಒಂದು ಬೋಗಿಯೊಳಗೆ ಕಣ್ಣಾಡಿಸಿ. ಒಬ್ಬರ ಕಿವಿಯಲ್ಲಿ ಹಾಡು, ಇನ್ನೊಬ್ಬರ ಕಿವಿಯಲ್ಲಿ ಪಾಡ್‌ಕಾಸ್ಟ್, ಮತ್ತೊಬ್ಬರಿಗೆ ಆಗಲೇ ಆಫೀಸ್ ಮೀಟಿಂಗ್ ಶುರು. ವೈರ್ ಕಾಣೋದು ಕಡಿಮೆ. 2016ರಲ್ಲಿ ಆಪಲ್ ಕಂಪನಿ ಐಫೋನ್ 7ರಿಂದ 3.5 ಎಂ.ಎಂ. ಜ್ಯಾಕ್ ತೆಗೆದುಹಾಕಿದಾಗ ಗೊಣಗಿದವರು ಬಹಳ ಮಂದಿ. ಈಗ ಬ್ಲೂಟೂತ್ ಹೆಡ್‌ಫೋನ್ ಮನೆಯ ಕೀ, ಪರ್ಸಿನ ಹಾಗೆ ದಿನಾ ಜೊತೆಗಿರುವ ವಸ್ತು.

ಕೊಳ್ಳುವಾಗ ನಾವು ಸಾಮಾನ್ಯವಾಗಿ ಕೇಳೋದು ಮೂರು ಪ್ರಶ್ನೆ: ಬಾಸ್ ಹೇಗಿದೆ? ಬ್ಯಾಟರಿ ಎಷ್ಟು ಗಂಟೆ ಬರುತ್ತೆ? ಆಫರ್ ಏನಾದ್ರೂ ಇದೆಯಾ? ಇವುಗಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಬಸ್ಸು, ಮೆಟ್ರೊ, ಆಫೀಸಿನ ಗದ್ದಲದ ನಡುವೆ ಇದನ್ನು ಎಷ್ಟು ಕಡಿಮೆ ವಾಲ್ಯೂಮ್‌ನಲ್ಲಿ ಕೇಳಬಹುದು?

ಹಾಡು ಮೆಲ್ಲಗಿಲ್ಲ, ಬಸ್ಸಿನ ಸದ್ದು ಜೋರು

ಮನೆಯಲ್ಲಿ ರಾತ್ರಿ ಅರ್ಧ ವಾಲ್ಯೂಮ್‌ಗೆ ಚೆನ್ನಾಗಿ ಕೇಳಿಸುವ ಹಾಡು ಬೆಳಗ್ಗೆ ಬಸ್ಸಿನಲ್ಲಿ ಸಾಲೋದಿಲ್ಲ. ಹಾಡು ಅದೇ, ಹೆಡ್‌ಫೋನೂ ಅದೇ. ಸುತ್ತಲಿನ ಸದ್ದನ್ನು ಮೀರಿಸಲು ನಾವೇ ಬಟನ್ ಒತ್ತುತ್ತಾ ಹೋಗ್ತೇವೆ. ಅಪಾಯ ಇರುವುದು ಇಲ್ಲೇ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೀಗಿದೆ: 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆವರೆಗೆ ಕೇಳಬಹುದು. ಅದೇ 90 ಡೆಸಿಬಲ್ ಆದರೆ ವಾರಕ್ಕೆ ಬರೀ 4 ಗಂಟೆ. ಹತ್ತೇ ಡೆಸಿಬಲ್ ಹೆಚ್ಚಾದರೂ ಸಮಯ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತೆ. ಯಾಕೆಂದರೆ ಡೆಸಿಬಲ್ ಪ್ರತಿ ಮೂರು ಏರಿದಾಗ ಸದ್ದಿನ ಶಕ್ತಿ ಸುಮಾರು ಎರಡರಷ್ಟಾಗುತ್ತೆ. ದಿನಕ್ಕೆ ಹೋಗ್ತಾ ಬರ್ತಾ ಎರಡು ಗಂಟೆ ಜೋರಾಗಿ ಕೇಳುವವರ ವಾರದ ಪಾಲು ಮಂಗಳವಾರ ಸಂಜೆಗೇ ಮುಗಿದಿರುತ್ತೆ.

ಒಳಕಿವಿಯಲ್ಲಿ ಸದ್ದನ್ನು ಗ್ರಹಿಸುವ ಸೂಕ್ಷ್ಮ ರೋಮಕೋಶಗಳು ಒಂದು ಕಿವಿಗೆ ಸುಮಾರು 15 ಸಾವಿರ ಇರುತ್ತವೆ. ಸತ್ತ ಕೋಶ ಮತ್ತೆ ಹುಟ್ಟೋದಿಲ್ಲ. ಹಾನಿ ಆಗುವಾಗ ನೋವೂ ಇರೋದಿಲ್ಲ. ಅದಕ್ಕೇ ಗೊತ್ತಾಗೋದು ತಡವಾಗಿ.

ಮೊದಲು ಟಿಪ್ ಬದಲಿಸಿ ನೋಡಿ

ಇಯರ್‌ಬಡ್ಸ್ ಡಬ್ಬಿಯಲ್ಲಿ ಸಿಲಿಕಾನ್ ಟಿಪ್‌ಗಳು ಸಾಮಾನ್ಯವಾಗಿ ಮೂರು ಅಳತೆಯಲ್ಲಿ ಬರುತ್ತವೆ. ಮೊದಲೇ ಹಾಕಿರುವ ಮಧ್ಯಮ ಅಳತೆಯಲ್ಲೇ ಎಷ್ಟೋ ಜನ ವರ್ಷಗಟ್ಟಲೆ ಕಳೆದುಬಿಡ್ತಾರೆ. ಟಿಪ್ ಸಡಿಲ ಇದ್ದರೆ ಬಾಸ್ ಹೊರಗೆ ಸೋರುತ್ತೆ, ಹೊರಗಿನ ಗದ್ದಲ ಒಳಗೆ ನುಗ್ಗುತ್ತೆ. ಆಗ "ಸೌಂಡೇ ಇಲ್ಲ ಇದರಲ್ಲಿ" ಅನ್ನಿಸೋದು ಸಹಜ.

ಪರೀಕ್ಷೆ ಸುಲಭ. ಹಾಡು ಹಚ್ಚಿ, ಬಡ್ ಅನ್ನು ಮೆಲ್ಲಗೆ ಒಳಕ್ಕೆ ಒತ್ತಿ. ಬಾಸ್ ತಟ್ಟನೆ ಹೆಚ್ಚಾದರೆ ನಿಮ್ಮ ಟಿಪ್ ಸಡಿಲವಾಗಿದೆ ಎಂದರ್ಥ. ಎಡಗಿವಿಗೆ ಒಂದು ಅಳತೆ, ಬಲಗಿವಿಗೆ ಇನ್ನೊಂದು ಬೇಕಾದರೂ ಆಶ್ಚರ್ಯವಿಲ್ಲ. ಒಂದು ಕಡೆ ಮಾತ್ರ ಸದ್ದು ಕುಗ್ಗಿದ್ದರೆ ಜಾಲರಿಯಲ್ಲಿ ಗುಗ್ಗೆ ಕೂತಿದೆಯಾ ನೋಡಿ, ಒಣ ಮೆತ್ತನೆ ಬ್ರಷ್‌ನಿಂದ ಒರೆಸಿ.

ಎಎನ್‌ಸಿ ಬೇರೆ, ಇಎನ್‌ಸಿ ಬೇರೆ

ಎಎನ್‌ಸಿ ಅಂದರೆ ಆಕ್ಟಿವ್ ನಾಯ್ಸ್ ಕ್ಯಾನ್ಸಲೇಶನ್. ಪುಟ್ಟ ಮೈಕ್ ಹೊರಗಿನ ಸದ್ದನ್ನು ಕೇಳಿಸಿಕೊಂಡು, ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಕಿವಿಯೊಳಗೆ ಹುಟ್ಟಿಸುತ್ತೆ. ಎರಡೂ ಸೇರಿ ಸದ್ದು ಅಡಗುತ್ತೆ. ಬೋಸ್ ಕಂಪನಿ ಕಟ್ಟಿದ ಅಮರ್ ಬೋಸ್‌ಗೆ 1978ರಲ್ಲಿ ವಿಮಾನದಲ್ಲಿ ಹೋಗುವಾಗ ಇಂಥ ಹೆಡ್‌ಫೋನ್ ಮಾಡುವ ಯೋಚನೆ ಬಂತು. ಅವರ ತಂದೆ ಬಂಗಾಳದಿಂದ ಅಮೆರಿಕಕ್ಕೆ ಹೋದವರು. ಬಸ್ಸಿನ ಎಂಜಿನ್, ಎಸಿ, ವಿಮಾನದ ಮೊರೆತದಂಥ ಒಂದೇ ಸಮನೆ ಬರುವ ಕೆಳದನಿಯ ಸದ್ದಿಗೆ ಎಎನ್‌ಸಿ ಚೆನ್ನಾಗಿ ಕೆಲಸ ಮಾಡುತ್ತೆ. ಹಾರ್ನ್, ಪಕ್ಕದವರ ಮಾತು ಪೂರ್ತಿ ಹೋಗೋದಿಲ್ಲ.

ಕಡಿಮೆ ಬೆಲೆಯ ಡಬ್ಬಿಗಳ ಮೇಲೆ ದಪ್ಪಕ್ಷರದಲ್ಲಿ ಕಾಣುವ "ಇಎನ್‌ಸಿ" ನಿಮ್ಮ ಕಿವಿಗಲ್ಲ, ಮೈಕ್‌ಗೆ. ಫೋನಿನ ಆ ತುದಿಯಲ್ಲಿರುವವರಿಗೆ ನಿಮ್ಮ ದನಿ ಸ್ಪಷ್ಟವಾಗಿ ಕೇಳಿಸಲಿ ಎಂದು ಇರುವ ಸೌಲಭ್ಯ ಅದು. ಬಸ್ಸಿನ ಸದ್ದು ಕಡಿಮೆಯಾಗುತ್ತೆ ಅಂತ ಅದನ್ನು ಕೊಂಡರೆ ದುಡ್ಡು ದಂಡ.

ಇನ್ನೊಂದು ಮಾತು. ರಸ್ತೆ ದಾಟುವಾಗ, ಗಾಡಿ ಓಡಿಸುವಾಗ ಎಎನ್‌ಸಿ ಇರಲಿ, ಇಯರ್‌ಬಡ್ಸೇ ಬೇಡ. ಕೇಳಲೇಬೇಕಾದ ಸದ್ದುಗಳೂ ಇರುತ್ತವೆ.

ಕೋಡೆಕ್‌ಗೆ ಎಷ್ಟು ದುಡ್ಡು ಕೊಡಬೇಕು?

ಹಾಡನ್ನು ಹಿಂಡಿ ಚಿಕ್ಕದು ಮಾಡಿ ಗಾಳಿಯಲ್ಲಿ ಕಳಿಸುವ ವಿಧಾನಕ್ಕೆ ಕೋಡೆಕ್ ಅಂತಾರೆ. ಸಿ.ಡಿ.ಯ ಹಾಡಿಗೆ ಸೆಕೆಂಡಿಗೆ 1,411 ಕಿಲೋಬಿಟ್ ಬೇಕು. ಬ್ಲೂಟೂತ್ ಹೆಡ್‌ಫೋನ್‌ಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುವ ಎಸ್‌ಬಿಸಿ ಸುಮಾರು 328ರವರೆಗೆ ಕಳಿಸುತ್ತೆ. ಸೋನಿಯ ಎಲ್‌ಡಿಎಸಿ 990ರವರೆಗೆ ಹೋಗುತ್ತೆ. ಆದರೆ ಕೋಡೆಕ್ ಫೋನಿನಲ್ಲೂ ಹೆಡ್‌ಫೋನಿನಲ್ಲೂ ಎರಡೂ ಕಡೆ ಇರಬೇಕು. ಐಫೋನ್‌ನಲ್ಲಿ ಎಲ್‌ಡಿಎಸಿ ಇಲ್ಲ, ಅಲ್ಲಿ ಎಎಸಿ ನಡೆಯುತ್ತೆ. ಹಾಗಾಗಿ ಐಫೋನ್ ಇರುವವರು ಎಲ್‌ಡಿಎಸಿಗೆಂದೇ ಹೆಚ್ಚು ಹಣ ಕೊಡಬೇಕಿಲ್ಲ. ನಿಶ್ಶಬ್ದ ಕೋಣೆಯಲ್ಲಿ ಕೂತು ಗಮನವಿಟ್ಟು ಕೇಳುವವರಿಗೆ ವ್ಯತ್ಯಾಸ ಗೊತ್ತಾಗಬಹುದು. ಮೆಜೆಸ್ಟಿಕ್ ಬಸ್‌ಸ್ಟ್ಯಾಂಡಿನಲ್ಲಿ ಕಷ್ಟ. ಬಜೆಟ್ ಸಣ್ಣದಿದ್ದರೆ ಕಿವಿಗೆ ಸರಿಯಾಗಿ ಕೂರೋದು ಮೊದಲು, ಎಎನ್‌ಸಿ ಎರಡನೆಯದು, ಕೋಡೆಕ್ ಆಮೇಲೆ.

ಮೀಟಿಂಗ್‌ನಲ್ಲಿ ಸೌಂಡ್ ಕೆಡೋದು ಯಾಕೆ?

ಲ್ಯಾಪ್‌ಟಾಪ್‌ನಲ್ಲಿ ಹಾಡು ಚೆನ್ನಾಗಿಯೇ ಬರ್ತಿರುತ್ತೆ. ಮೀಟಿಂಗ್‌ಗೆ ಸೇರಿದ ಕೂಡಲೇ ಎಲ್ಲರೂ ಬಾವಿಯೊಳಗಿಂದ ಮಾತಾಡಿದ ಹಾಗೆ! ಹೆಡ್‌ಫೋನ್ ಕೆಟ್ಟಿಲ್ಲ. ಹಾಡು ಕೇಳಲು ಬಳಸುವ ಬ್ಲೂಟೂತ್ ವಿಧಾನ ಒಮ್ಮುಖ. ಮೈಕ್ ಆನ್ ಆದರೆ ಎರಡೂ ಕಡೆ ಸದ್ದು ಹೋಗಬೇಕು, ಆಗ ಅದು ಕಡಿಮೆ ಗುಣಮಟ್ಟದ ಕಾಲಿಂಗ್ ವಿಧಾನಕ್ಕೆ ಬದಲಾಗುತ್ತೆ. ಮೀಟಿಂಗ್ ಆ್ಯಪ್‌ನ ಸೆಟಿಂಗ್ಸ್‌ನಲ್ಲಿ ಮೈಕ್ ಜಾಗಕ್ಕೆ ಲ್ಯಾಪ್‌ಟಾಪಿನ ಮೈಕ್, ಸ್ಪೀಕರ್ ಜಾಗಕ್ಕೆ ಹೆಡ್‌ಫೋನ್ ಆರಿಸಿ. ದನಿ ತಿಳಿಯಾಗುತ್ತೆ, ವಾಲ್ಯೂಮ್ ಏರಿಸುವ ಅಗತ್ಯವೂ ತಪ್ಪುತ್ತೆ.

ನಡೆಯುವಾಗ ಹಾಡು ತುಂಡು ತುಂಡಾಗುತ್ತಾ? ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ಅಲೆಗಳನ್ನು ನಮ್ಮ ಮೈಯಲ್ಲಿರುವ ನೀರು ಹೀರಿಕೊಳ್ಳುತ್ತೆ. ಫೋನನ್ನು ಹಿಂಜೇಬಿನಿಂದ ತೆಗೆದು ಮುಂದಿನ ಜೇಬಿಗೆ ಹಾಕಿ ನೋಡಿ.

ಕೊಂಡ ವಾರದಲ್ಲೇ ಮಾಡಿ

ಹೊಸ ಹೆಡ್‌ಫೋನ್ ವಾಪಸ್ ಕೊಡುವ ಅವಧಿ ಮುಗಿಯುವ ಮುನ್ನ ಒಂದು ದಿನ ಮನೆಯಲ್ಲಿ ಹಿತವೆನಿಸುವ ವಾಲ್ಯೂಮ್ ಗುರುತಿಟ್ಟುಕೊಳ್ಳಿ. ಮರುದಿನ ನೀವು ದಿನಾ ಹೋಗುವ ದಾರಿಯಲ್ಲೇ ಕೇಳಿ. 60 ಶೇಕಡದ ಒಳಗೇ ಮಾತು ಸ್ಪಷ್ಟವಾಗಿದ್ದರೆ ಇಟ್ಟುಕೊಳ್ಳಿ. ತುದಿವರೆಗೆ ಏರಿಸಬೇಕಾಗಿ ಬಂದರೆ ಬೇರೆ ಟಿಪ್ ಹಾಕಿ ನೋಡಿ. ಆಗಲೂ ಸಾಲದಿದ್ದರೆ ವಾಪಸ್ ಕೊಡಿ, ರಿವ್ಯೂ ಎಷ್ಟೇ ಚೆನ್ನಾಗಿರಲಿ.

ಐಫೋನ್‌ನಲ್ಲಿ "ಹೆಡ್‌ಫೋನ್ ಸೇಫ್ಟಿ" ಆಯ್ಕೆಗೆ ಹೋಗಿ ಸದ್ದಿಗೆ ಡೆಸಿಬಲ್ ಮಿತಿ ಹಾಕಬಹುದು. ಆಂಡ್ರಾಯ್ಡ್‌ನಲ್ಲಿ ಜೋರು ಸದ್ದಿನ ಎಚ್ಚರಿಕೆ ಬಂದಾಗ ಸುಮ್ಮನೆ ಓಕೆ ಒತ್ತಿ ದಾಟಬೇಡಿ. ಇಯರ್‌ಬಡ್ಸ್ ತೆಗೆದ ಮೇಲೂ ಕಿವಿಯಲ್ಲಿ ಗುಂಯ್ ಅನ್ನುವ ಸದ್ದು ಮರುದಿನದವರೆಗೆ ಉಳಿದರೆ, ಇಲ್ಲವೇ "ಟಿವಿ ಸೌಂಡ್ ಯಾಕೆ ಇಷ್ಟು ಜಾಸ್ತಿ ಇಟ್ಟಿದ್ದೀಯ?" ಅಂತ ಅಮ್ಮ ಪದೇಪದೇ ಕೇಳ್ತಿದ್ದರೆ, ಇಎನ್‌ಟಿ ವೈದ್ಯರ ಹತ್ತಿರ ಹೋಗಿ ಒಮ್ಮೆ ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಿ.